ಕೃಷಿ ಪದವಿಗೆ ಕೂಲಿಯ ಮನೆಯ ಮಕ್ಕಳೂ ಬರಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಸಿಇಟಿ ಫಲಿತಾಂಶ ಪ್ರಕಟವಾದ ಮರುದಿನ ಎಂಜಿನಿಯರಿಂಗ್, ಪಶುವೈದ್ಯಕೀಯ, ಫಾರ್ಮಸಿಗಳ ಜೊತೆಗೆ ಬಿಎಸ್ಸಿ ಕೃಷಿಯ ರ‍್ಯಾಂಕ್ ಪಟ್ಟಿಯೂ ಪತ್ರಿಕೆಗಳಲ್ಲಿ ಬರುತ್ತದೆ. ಅದರ ಮೊದಲ ಸಾಲುಗಳಲ್ಲಿ ಹೆಸರಿದ್ದು, ಅಪ್ಪ ಅಮ್ಮನ ಕೈಯಲ್ಲಿ ಸಿಹಿ ತಿನ್ನುತ್ತ ಫೋಟೊ ತೆಗೆಸಿಕೊಂಡ ಮಕ್ಕಳಲ್ಲಿ ಹೆಚ್ಚಿನವರು ವೈದ್ಯಕೀಯಕ್ಕೋ ಎಂಜಿನಿಯರಿಂಗ್‌ಗೋ ಸೇರುವವರೇ ಹೊರತು ಕೃಷಿ ಕಾಲೇಜಿನ ಬಾಗಿಲು ನೋಡುವವರಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅವರ ಆಯ್ಕೆ ಅವರದು, ಆ ಬಗ್ಗೆ ನನ್ನದೇನೂ ತಕರಾರಿಲ್ಲ. ನಾನು ಬರೆಯುತ್ತಿರುವುದು ಆ ಪಟ್ಟಿಯ ಕೊನೆಯ ಪುಟದಲ್ಲೂ ಹೆಸರಿಲ್ಲದ, ಸಿಇಟಿಗೆ ಅರ್ಜಿಯನ್ನೇ ಹಾಕದ, ಆದರೆ ನಮ್ಮ ಮಲೆನಾಡಿನ ಗದ್ದೆ ತೋಟಗಳ ಕೆಲಸವನ್ನು ಕಣ್ಣು ಬಿಟ್ಟಾಗಿನಿಂದ ನೋಡುತ್ತ ಬೆಳೆದ ಮಕ್ಕಳ ಬಗ್ಗೆ. ಅಡಿಕೆಯ ಕೊನೆ ಕೊಯ್ಯುವವರ, ತೋಟಕ್ಕೆ ಔಷಧಿ ಹೊಡೆಯುವವರ, ನಟ್ಟಿಗೆ ಹೋಗುವವರ, ರಾತ್ರಿ ಕೂತು ಅಡಿಕೆ ಸುಲಿಯುವವರ ಮನೆಯ ಮಕ್ಕಳು ಇವರು. ತೀರ್ಥಹಳ್ಳಿ, ಹೊಸನಗರದ ಹಸಲರ ಕೇರಿಗಳಲ್ಲಿ, ಶಿಕಾರಿಪುರ ಸೀಮೆಯ ತಾಂಡಾಗಳಲ್ಲಿ, ಶಿವಮೊಗ್ಗ ಸುತ್ತಿನ ಹಕ್ಕಿಪಿಕ್ಕಿ ಕ್ಯಾಂಪುಗಳಲ್ಲಿ, ಶರಾವತಿ ಮುಳುಗಡೆಯಿಂದ ಎದ್ದು ಬಂದು ಇಂದಿಗೂ ಹಕ್ಕುಪತ್ರಕ್ಕಾಗಿ ಕಾಯುತ್ತಿರುವ ಮನೆಗಳಲ್ಲಿ ಇಂಥ ಮಕ್ಕಳು ಬೇಕಾದಷ್ಟಿದ್ದಾರೆ.

ನಾನು ಹೊಸನಗರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಒಂದೂವರೆ ಎಕರೆ ಅಡಿಕೆ ತೋಟವೂ ಇದೆ. ಈ ವಿಷಯದಲ್ಲಿ ಬೇರೆಯವರ ಲೋಪ ಎತ್ತಿ ಆಡುವ ಮೊದಲು ನನ್ನದನ್ನೇ ಹೇಳಿಬಿಡುವುದು ನ್ಯಾಯ. ಸುಮಾರು ಹದಿನೆಂಟು ವರ್ಷಗಳ ಹಿಂದೆ ಹತ್ತನೆಯ ತರಗತಿಗೆ ಸ್ಥಾನಪಲ್ಲಟ ಕ್ರಿಯೆಯ ಪಾಠ ನಡೆದಿತ್ತು. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಅದರ ಮೇಲೆ ಕೆಂಪಗೆ ತಾಮ್ರ ಕೂರುತ್ತದೆಂದು ಗಾಜಿನ ಲೋಟದಲ್ಲಿ ಮಾಡಿ ತೋರಿಸುತ್ತಿದ್ದೆ. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ಕೊಯ್ಲಿನ ದಿನಗಳಲ್ಲಿ ಶಾಲೆಗೆ ಸರಿಯಾಗಿ ಬಾರದಿದ್ದ ಹುಡುಗನೊಬ್ಬ ಎದ್ದು ನಿಂತು, "ಸಾರ್, ನಮ್ಮಪ್ಪ ತೋಟಕ್ಕೆ ಔಷಧಿ ಕಲೆಸುವಾಗ ಕತ್ತಿ ಅದ್ದಿ ನೋಡ್ತಾರೆ. ಸುಣ್ಣ ಕಮ್ಮಿ ಆಗಿದ್ರೆ ಅದೂ ಹಿಂಗೇ ಕೆಂಪಾಗುತ್ತೆ" ಎಂದ. ಅಷ್ಟು ವರ್ಷಗಳ ನನ್ನ ಪಾಠದಲ್ಲಿ ವಿದ್ಯಾರ್ಥಿಯೊಬ್ಬ ಹೇಳಿದ ಅತಿ ಒಳ್ಳೆಯ ಮಾತು ಬಹುಶಃ ಅದೇ. ನಾನು, "ಅದು ತೋಟದ ವಿಚಾರ, ಪರೀಕ್ಷೆಗೆ ಪುಸ್ತಕದಲ್ಲಿರೋದನ್ನ ಬರಿ" ಎಂದೆ. ತರಗತಿ ನಕ್ಕಿತು. ಎಸ್ಸೆಸ್ಸೆಲ್ಸಿಯಲ್ಲಿ ಅವನು ಪ್ರಥಮ ದರ್ಜೆಯಲ್ಲಿ ಪಾಸಾಗಿ ಮುಂದೇನು ಮಾಡಲಿ ಎಂದು ಕೇಳಲು ಬಂದಾಗ, ಸೈನ್ಸ್ ತಗೊಂಡರೆ ಟ್ಯೂಷನ್ ಬೇಕಾಗುತ್ತದೆ, ನಿಮ್ಮ ಮನೆಯಲ್ಲಿ ಆಗದ ಮಾತು, ಆರ್ಟ್ಸಿಗೆ ಸೇರು ಎಂದು ಕಳಿಸಿದೆ. ಅವನ ಒಳಿತಿಗೇ ಹೇಳುತ್ತಿದ್ದೇನೆಂದು ಆಗ ನಂಬಿದ್ದೆ. ಅವನು ಆರ್ಟ್ಸಿಗೆ ಸೇರಿ, ಎರಡನೆಯ ವರ್ಷಕ್ಕೇ ಬಿಟ್ಟ.

ಈಗ ನನ್ನ ತೋಟಕ್ಕೆ ಔಷಧಿ ಹೊಡೆಯಲು ಬರುವವನು ಅವನೇ. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಮಳೆ ಹೊಳವು ಕೊಟ್ಟಾಗ ಅಂಗಳದಲ್ಲಿ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲೆಸಲು ಕೂತ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ (ಅದೇ ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ ಎಂಬುದು ಪುಸ್ತಕದ ಲೆಕ್ಕ. ಆದರೆ ಸುಣ್ಣದ ಗುಣ ಮೂಟೆಯಿಂದ ಮೂಟೆಗೆ ಬೇರೆಯಾಗುತ್ತದೆ, ಹಳೆಯ ಸುಣ್ಣವಾದರೆ ಸತ್ತು ಹೋಗಿರುತ್ತದೆ. ಅವನು ತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಹೊಯ್ಯುತ್ತ ಕೋಲಿನಿಂದ ತಿರುವಿ, ಸೊಂಟದ ಕತ್ತಿಯನ್ನು ತೆಗೆದು ಕಲ್ಲಿಗೆ ಉಜ್ಜಿ ಹೊಳಪು ಬರಿಸಿ, ಡ್ರಮ್ಮಿನಲ್ಲಿ ಒಂದು ನಿಮಿಷ ಅದ್ದಿ ಹಿಡಿದು, ಬೆಳಕಿಗೆ ಒಡ್ಡಿ ನೋಡಿ, ಹೆಬ್ಬೆರಳಲ್ಲಿ ಒಮ್ಮೆ ಒರೆಸಿ, "ಇನ್ನೊಂದು ಬೊಗಸೆ ಸುಣ್ಣ ಬೇಕು ಸಾರ್, ಇಲ್ಲಾಂದ್ರೆ ಎಳೆಗಾಯಿ ಸುಡುತ್ತೆ" ಎಂದ. ಅಂಚಿನಲ್ಲಿ ಕೆಂಪು ಕೂತಿತ್ತು. ನಾನು ಗಾಜಿನ ಲೋಟದಲ್ಲಿ ತೋರಿಸಿದ ಅದೇ ಕೆಂಪು. ಇಷ್ಟಾದರೂ ಅವನು ನನ್ನನ್ನು ಸಾರ್ ಎಂದೇ ಕರೆಯುತ್ತಾನೆ.

2022ರಲ್ಲಿ ಎಲೆಚುಕ್ಕಿ ರೋಗ ನಮ್ಮ ಸೀಮೆಯನ್ನು ಆವರಿಸಿಕೊಂಡಾಗ ನನ್ನ ತೋಟದಲ್ಲಿ ಅದನ್ನು ಮೊದಲು ಕಂಡವನೂ ಅವನೇ. ನಾನು ಬಿಸಿಲಿಗೆ ಸೋಗೆ ಒಣಗಿದೆ ಎಂದುಕೊಂಡಿದ್ದೆ. ಅವನು ಕೆಳಗಿನ ಸೋಗೆಯ ಚುಕ್ಕಿಗಳನ್ನು ತೋರಿಸಿ, ಇನ್ನೊಬ್ಬರ ತೋಟದಲ್ಲಿ ಹೋದ ತಿಂಗಳು ಹೀಗೇ ಶುರುವಾಗಿ ಈಗ ಮೇಲಕ್ಕೆ ಹತ್ತಿದೆ ಎಂದು ಹೇಳಿದ. ತನ್ನ ಒಂದೇ ತೋಟವನ್ನು ದಿನಾ ನೋಡುವ ಯಜಮಾನನಿಗೆ ಕಾಣದ ವ್ಯತ್ಯಾಸ, ಹತ್ತಾರು ತೋಟಗಳನ್ನು ತಿರುಗುವ ಕೂಲಿಯವನಿಗೆ ಕಾಣುತ್ತದೆ. ಯಾವ ತೋಟಕ್ಕೆ ಯಾವಾಗ ಸಿಂಪಡಣೆಯಾಯಿತು, ಎಲ್ಲಿ ಬಸಿಗಾಲುವೆ ಕಟ್ಟಿದೆ, ಎಲ್ಲಿ ಕೊಳೆ ಹೆಚ್ಚು ಬಿತ್ತು ಎಂಬುದೆಲ್ಲ ಅವನ ತಲೆಯಲ್ಲಿರುತ್ತದೆ. ಸಸ್ಯರೋಗಶಾಸ್ತ್ರದ ಭಾಷೆಯಲ್ಲಿ ಇದು ಸಮೀಕ್ಷೆ, ಕ್ಷೇತ್ರ ವೀಕ್ಷಣೆ. ನಮ್ಮಲ್ಲಿ ಇದಕ್ಕೆ ದಿನಗೂಲಿ ಮಾತ್ರ ಸಿಗುತ್ತದೆ. ಆದ್ದರಿಂದ ಕೂಲಿಯ ಮನೆಯ ಮಕ್ಕಳನ್ನು ಕೃಷಿ ಕಾಲೇಜಿಗೆ ಕಳಿಸಿ ಎಂದು ನಾನು ಹೇಳುವಾಗ ಅದನ್ನು ಅನುಕಂಪದ ಮಾತೆಂದು ತಿಳಿಯಬಾರದು. ಇವರು ಬಾರದೆ ಇದ್ದುದರಿಂದ ನಷ್ಟವಾಗಿರುವುದು ವಿಜ್ಞಾನಕ್ಕೂ ಹೌದು, ನನ್ನಂಥ ಬೆಳೆಗಾರರಿಗೂ ಹೌದು.

ಹಾಗಾದರೆ ಈ ಮಕ್ಕಳು ಏಕೆ ಬರುತ್ತಿಲ್ಲ? ಸೀಟಿಲ್ಲ ಎಂಬುದು ಮೊದಲ ಕಾರಣವಲ್ಲ. ಕೃಷಿ ಪದವಿಗೆ ಪಿಯುಸಿಯಲ್ಲಿ ವಿಜ್ಞಾನ ಓದಿರಲೇಬೇಕು. ಅಂದರೆ ಹದಿನಾರನೆಯ ವಯಸ್ಸಿನಲ್ಲಿ, ಜೂನ್ ತಿಂಗಳ ಒಂದು ಮಳೆಯ ದಿನ, ಅರ್ಜಿಯ ಒಂದು ಚೌಕದಲ್ಲಿ ಗುರುತು ಹಾಕುವಾಗಲೇ ಅವರ ಪಾಲಿನ ಬಾಗಿಲು ಮುಚ್ಚಿರುತ್ತದೆ, ಮತ್ತು ಮುಚ್ಚಿದ್ದು ಅವರಿಗೆ ತಿಳಿದೂ ಇರುವುದಿಲ್ಲ. ವಿಜ್ಞಾನ ವಿಭಾಗವಿರುವ ಪಿಯು ಕಾಲೇಜು ಇರುವುದು ಹೆಚ್ಚಾಗಿ ತಾಲ್ಲೂಕು ಕೇಂದ್ರದಲ್ಲಿ. ಬೆಳಗಿನ ಬಸ್ಸಿಗೆ ಮೂರು ಕಿಲೋಮೀಟರ್ ನಡೆಯಬೇಕು, ಸಂಜೆಯ ಬಸ್ಸು ತಪ್ಪಿದರೆ ಕಾಡು ದಾರಿ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯ ಮಕ್ಕಳಿಗಂತೂ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವ ತನಕ ಲಾಂಚಿನ ಸಮಯವೇ ಶಾಲೆಯ ಸಮಯವಾಗಿತ್ತು. ಇದರ ಮೇಲೆ ಹತ್ತು ವರ್ಷ ಕನ್ನಡದಲ್ಲಿ ಕಲಿತ ವಿಜ್ಞಾನವೆಲ್ಲ ಒಂದೇ ರಾತ್ರಿಯಲ್ಲಿ ಇಂಗ್ಲಿಷ್ ಆಗಿಬಿಡುತ್ತದೆ. ಸೋಗೆ, ಹಿಂಗಾರ, ಹರಳು ಎಂದೆಲ್ಲ ತಿಳಿದಿದ್ದ ಹುಡುಗಿಗೆ ಅದೇ ವಸ್ತು ಬೇರೆ ಹೆಸರಿನಲ್ಲಿ ಎದುರಾದಾಗ ತನಗೇನೂ ಗೊತ್ತಿಲ್ಲವೆಂದೇ ಅನಿಸುತ್ತದೆ.

ಇದಕ್ಕಿಂತ ಗಟ್ಟಿಯಾದ ಅಡ್ಡಿ ಮನೆಯಲ್ಲಿದೆ. "ಗದ್ದೆ ಕೆಲಸ ಕಲಿಯೋಕೆ ಕಾಲೇಜು ಬೇರೆ ಬೇಕಾ? ನಾವು ಮಾಡಿದ್ದು ಸಾಲದಾ?" ಎಂದು ತಾಯಂದಿರು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಅಜ್ಞಾನಕ್ಕಿಂತ ನೋವು ಹೆಚ್ಚು. ಜೀವನವಿಡೀ ಬೇರೆಯವರ ಮಣ್ಣಿನಲ್ಲಿ ಬಾಗಿ ಬೆನ್ನು ಸವೆಸಿದವಳಿಗೆ ಓದು ಎಂದರೆ ಮಣ್ಣಿನಿಂದ ಮಗುವನ್ನು ದೂರ ಒಯ್ಯುವ ದಾರಿ, ಮತ್ತೆ ಅಲ್ಲಿಗೇ ತಂದು ಬಿಡುವ ಓದು ಅವಳಿಗೆ ಬೇಡ. ಕೃಷಿ ಪದವಿ ಎಂದರೆ ನಾಲ್ಕು ವರ್ಷದ ವಿಜ್ಞಾನ ಪದವಿ, ಮಣ್ಣು ರಸಾಯನಶಾಸ್ತ್ರ, ಕೀಟಶಾಸ್ತ್ರ, ತಳಿವಿಜ್ಞಾನ, ಕೃಷಿ ಅರ್ಥಶಾಸ್ತ್ರಗಳೆಲ್ಲ ಅದರಲ್ಲಿವೆ, ಅವಳು ಸಬ್ಸಿಡಿ ಬೀಜಕ್ಕೆ ಸಾಲು ನಿಲ್ಲುವ ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಯೂ, ಯಜಮಾನರ ಬೆಳೆ ಸಾಲದ ಕಾಗದ ನೋಡುವ ಬ್ಯಾಂಕಿನ ಕೃಷಿ ಅಧಿಕಾರಿಯೂ ಓದಿರುವುದು ಇದನ್ನೇ ಎಂದು ಯಾರಾದರೂ ಅವಳ ಜಗುಲಿಯಲ್ಲಿ ಕೂತು ಹೇಳಿದ್ದಾರೆಯೇ? ನಾನಂತೂ ಹೇಳಲಿಲ್ಲ.

ನಮ್ಮ ಜಿಲ್ಲೆಯಲ್ಲೇ ಒಂದು ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ 2012ರಲ್ಲಿ ಸ್ಥಾಪನೆಯಾಗಿದೆ. ಶಿವಮೊಗ್ಗದ ನವುಲೆಯಲ್ಲಿ ಕೃಷಿ ಕಾಲೇಜು, ಆನಂದಪುರದ ಬಳಿ ಇರುವಕ್ಕಿಯಲ್ಲಿ ದೊಡ್ಡ ಆವರಣ, ಮೂಡಿಗೆರೆಯಲ್ಲಿ ತೋಟಗಾರಿಕೆ, ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ. ಅದಕ್ಕೆ ಕೆಳದಿ ಶಿವಪ್ಪ ನಾಯಕನ ಹೆಸರಿಟ್ಟಿರುವುದು ಸರಿಯಾಗಿಯೇ ಇದೆ. ಹದಿನೇಳನೆಯ ಶತಮಾನದಲ್ಲಿ ಭೂಮಿಯನ್ನು ಉತ್ತಮದಿಂದ ಅಧಮಾಧಮದವರೆಗೆ ಐದು ದರ್ಜೆಯಾಗಿ ವಿಂಗಡಿಸಿ ಕಂದಾಯ ನಿಗದಿ ಮಾಡಿದ 'ಶಿಸ್ತು' ಆತನದು. ಆದರೆ ಅಂದಿನಿಂದ ಇಂದಿನವರೆಗೆ ನಮ್ಮ ಲೆಕ್ಕವೆಲ್ಲ ಭೂಮಿಯದೇ, ಆ ಭೂಮಿಯಲ್ಲಿ ದುಡಿದ ಕೈಯದು ಯಾವ ಕಡತದಲ್ಲೂ ಇಲ್ಲ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ವಿಚಾರವಾಗಿ ದೀವರ ಸಮುದಾಯದ ಗೇಣಿದಾರರು ಎದ್ದು ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 1974ರ ಭೂಸುಧಾರಣೆಯಿಂದ ಉಳುವವನಿಗೆ ಹೊಲ ಸಿಕ್ಕಿತು, ಆ ಮನೆಗಳ ಮೊಮ್ಮಕ್ಕಳು ಇಂದು ಧೈರ್ಯವಾಗಿ ಕಾಲೇಜಿಗೆ ಹೋಗುತ್ತಿದ್ದಾರೆ. ಪಹಣಿಯಲ್ಲಿ ಹೆಸರು ಬಂದ ಮನೆಗೂ ಬಾರದ ಮನೆಗೂ ಒಂದೆರಡು ತಲೆಮಾರಿನಲ್ಲಿ ಎಷ್ಟು ಅಂತರವಾಗುತ್ತದೆಂದು ನೋಡಲು ಬೇರೆಲ್ಲೂ ಹೋಗಬೇಕಿಲ್ಲ. ಗೇಣಿಯೂ ಇಲ್ಲದೆ ಬರಿ ಕೂಲಿಯಾಗಿದ್ದವರಿಗೆ ಆ ಕಾನೂನಿನಲ್ಲಿ ಕೊಡಲು ಹೆಚ್ಚೇನೂ ಇರಲಿಲ್ಲ.

ಈ ಅಂತರ ಪ್ರವೇಶದ ಕಾಗದಪತ್ರದಲ್ಲೂ ಇಣುಕುತ್ತದೆ. ಕೃಷಿಕರ ಕೋಟಾದಲ್ಲಿ ಸೀಟು ಬಯಸುವವರಿಗೆ ಪರೀಕ್ಷಾ ಪ್ರಾಧಿಕಾರ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ನಡೆಸುತ್ತದೆ. ಬೀಜ, ಬೆಳೆ, ಸಲಕರಣೆ ಗುರುತಿಸಬೇಕು. ಪಟ್ಟಣದಲ್ಲಿ ಬೆಳೆದು, ಊರಿನಲ್ಲಿ ಅಜ್ಜನ ಹೆಸರಿನ ಜಮೀನಿರುವ ಮಕ್ಕಳು ಯೂಟ್ಯೂಬ್ ನೋಡಿ ಹುರುಳಿಗೂ ಅಲಸಂದೆಗೂ ವ್ಯತ್ಯಾಸ ಕಲಿತು ಪರೀಕ್ಷೆಗೆ ಕೂರುತ್ತಾರೆ. ಕಣ್ಣು ಮುಚ್ಚಿ ಮುಟ್ಟಿಯೇ ಅದನ್ನು ಹೇಳಬಲ್ಲ ಹುಡುಗಿ, ಜಮೀನಿನ ಕಾಗದ ನಮ್ಮಲ್ಲಿಲ್ಲವಲ್ಲ, ಅದೆಲ್ಲ ನಮಗಲ್ಲ ಎಂದು ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. 2007ರ ರಾಷ್ಟ್ರೀಯ ರೈತ ನೀತಿ 'ರೈತ' ಎಂಬ ಮಾತಿನ ಅರ್ಥದಲ್ಲಿ ಭೂರಹಿತ ಕೃಷಿ ಕಾರ್ಮಿಕರನ್ನು, ಗೇಣಿದಾರರನ್ನು, ಕಾಡಿನ ಕಿರು ಉತ್ಪನ್ನ ಸಂಗ್ರಹಿಸುವ ಬುಡಕಟ್ಟು ಕುಟುಂಬಗಳನ್ನೂ ಸೇರಿಸಿದೆ. ನಮ್ಮ ರಾಜ್ಯವೇ 2021ರಲ್ಲಿ ಆರಂಭಿಸಿದ ರೈತ ವಿದ್ಯಾನಿಧಿಯನ್ನು ಆಮೇಲೆ ಕೃಷಿ ಕಾರ್ಮಿಕರ ಮಕ್ಕಳಿಗೂ ವಿಸ್ತರಿಸಿತು. ಅಡಿಕೆ ಸುಲಿಯುವವಳೂ ರೈತಳೇ ಎಂದು ಸರ್ಕಾರ ಒಂದು ಕಡೆ ಒಪ್ಪಿದ ಮೇಲೆ, ಕೃಷಿಕರ ಕೋಟಾದ ಬಾಗಿಲು ಅವಳ ಮಗಳಿಗೂ ಪೂರ್ತಿಯಾಗಿ ತೆರೆದಿರಬೇಕು, ತೆರೆದಿರುವುದು ಅವಳಿಗೆ ಕನ್ನಡದಲ್ಲಿ, ಸ್ಪಷ್ಟವಾಗಿ ತಿಳಿದಿರಬೇಕು.

ಇನ್ನು ಜಾತಿವಾರು ಮೀಸಲಾತಿಯ ಜೊತೆಗೆ, ಹತ್ತು ವರ್ಷ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಶೇ 15ರಷ್ಟು ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದವರಿಗೆ ಶೇ 5ರಷ್ಟು ಮೀಸಲಾತಿ ಇದ್ದೇ ಇದೆ. ಆ ನಮೂನೆಗೆ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯವರ ಮೇಲುಸಹಿ ಬೇಕು. ಪ್ರಭಾರ ಮುಖ್ಯೋಪಾಧ್ಯಾಯನಾಗಿದ್ದಾಗ ಇಂಥ ಎಷ್ಟೋ ಪತ್ರಗಳಿಗೆ ಸಹಿ ಮಾಡಿದ್ದೇನೆ. ಕೇಳಿಕೊಂಡು ಬರುತ್ತಿದ್ದವರು ಹೆಚ್ಚಾಗಿ ತೋಟದ ಮನೆಯವರು, ಶಿಕ್ಷಕರ ಮಕ್ಕಳು, ಅಂಗಡಿಯವರು. ತಿಳಿದವರಷ್ಟೇ ಬರುತ್ತಾರೆ. ತಿಳಿಯದವರ ಮನೆಗೆ ನಾವು ಹೋಗಬೇಕಿತ್ತು.

ಎರಡು ವರ್ಷದ ಹಿಂದೆ ನಮ್ಮೂರಿಗೆ ಕೃಷಿ ಕಾಲೇಜಿನ ಅಂತಿಮ ವರ್ಷದ ಮಕ್ಕಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ ಬಂದಿದ್ದರು. ಒಳ್ಳೆಯ ಮಕ್ಕಳು, ಊರಿನವರು ಅವರನ್ನು ಮನೆಮಕ್ಕಳಂತೆ ನೋಡಿಕೊಂಡರು. ದೇವಸ್ಥಾನದ ಎದುರಿನ ಬಯಲಿನಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆದರು. ಕೆರೆಗೆ ನೀಲಿ, ತೋಟಕ್ಕೆ ಹಸಿರು, ರಸ್ತೆಗೆ ಬಿಳಿ, ಮನೆಗಳಿಗೆ ಕೆಂಪು. ಯಜಮಾನರೆಲ್ಲ ಸುತ್ತ ನಿಂತು ನನ್ನ ಮನೆ ಎಲ್ಲಿ, ನಿನ್ನ ಮನೆ ಎಲ್ಲಿ ಎಂದು ತೋರಿಸುತ್ತಿದ್ದರು. ಸ್ವಲ್ಪ ದೂರದಲ್ಲಿ ಮರದಡಿ ನಿಂತಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ, "ನಮ್ಮ ಕೇರಿ ಬರದೇ ಇಲ್ಲ ನೋಡು" ಎಂದದ್ದು ನನ್ನ ಕಿವಿಗೆ ಬಿತ್ತು. ನಾನು ಹೋಗಿ ಹೇಳಿದೆ, ಆ ಮಕ್ಕಳು ನಾಚಿಕೊಂಡು ಕೂಡಲೇ ಹೊಳೆಯಾಚೆ ಹನ್ನೊಂದು ಕೆಂಪು ಚುಕ್ಕಿ ಇಟ್ಟರು. ತಪ್ಪು ಅವರದೂ ಅಲ್ಲ, ಊರಿನವರು ಹೇಳಿದ್ದನ್ನೇ ಅವರು ಬರೆದಿದ್ದರು. ಚುಕ್ಕಿ ಇಟ್ಟ ಹುಡುಗಿಯ ಪಕ್ಕದಲ್ಲಿ ಆ ಕೇರಿಯ ಹುಡುಗಿಯೊಬ್ಬಳು ಕುಕ್ಕುರುಗಾಲಲ್ಲಿ ಕೂತು, ಈ ಓದಿಗೆ ಏನು ಓದಬೇಕು ಅಕ್ಕಾ ಎಂದು ಕೇಳಿದಳು. ಅವಳು ನನ್ನ ಹಳೆಯ ವಿದ್ಯಾರ್ಥಿಯ ಅಣ್ಣನ ಮಗಳು, ಆಗ ಏಳನೆಯ ತರಗತಿ.

ಆ ಅಕ್ಕ ಅವಳಿಗೆ ಐದು ನಿಮಿಷದಲ್ಲಿ ಹೇಳಿದ್ದನ್ನು ನಮ್ಮ ಇಡೀ ವ್ಯವಸ್ಥೆ ವರ್ಷಗಳಿಂದ ಹೇಳಿಲ್ಲ. ಹೀಗಾಗಿ ವಿಶ್ವವಿದ್ಯಾಲಯಕ್ಕೆ ನನ್ನ ಮೊದಲ ಕೋರಿಕೆ ಖರ್ಚಿಲ್ಲದ್ದು. ಕಾರ್ಯಾನುಭವಕ್ಕೆ ಬರುವ ವಿದ್ಯಾರ್ಥಿಗಳು ಹಳ್ಳಿಯಲ್ಲಿದ್ದಷ್ಟು ದಿನದಲ್ಲಿ ಒಂದು ದಿನವನ್ನು ಸಮೀಪದ ಸರ್ಕಾರಿ ಪ್ರೌಢಶಾಲೆಗೂ, ಒಂದು ಸಂಜೆಯನ್ನು ಕೂಲಿಯವರ ಕೇರಿಗೂ ಕಡ್ಡಾಯವಾಗಿ ಕೊಡಲಿ. ಕೇರಿಗೆ ಸಂಜೆಯೇ ಹೋಗಬೇಕು, ಹಗಲಲ್ಲಿ ಅಲ್ಲಿ ಯಾರೂ ಇರುವುದಿಲ್ಲ. ನವುಲೆಯ ಕೃಷಿ ಮೇಳಕ್ಕೆ ಬೆಳೆಗಾರರು ಬಸ್ಸು ಮಾಡಿಕೊಂಡು ಹೋಗುತ್ತಾರೆ. ಅದೇ ಮೇಳದಲ್ಲಿ ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ ಅರ್ಧ ದಿನ ಪ್ರಯೋಗಾಲಯ ತೆರೆದಿಟ್ಟು, ಎಲೆಚುಕ್ಕಿಯ ಶಿಲೀಂಧ್ರವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರೆ ಸಾಕು. ತಮ್ಮ ಅಪ್ಪಂದಿರು ಯಾವುದರ ವಿರುದ್ಧ ದೋಟಿ ಹಿಡಿದು ಹೋರಾಡುತ್ತಿದ್ದಾರೆಂದು ಅವರು ಮೊದಲ ಸಲ ಕಣ್ಣಾರೆ ನೋಡುತ್ತಾರೆ. ಹತ್ತನೆಯ ತರಗತಿ ಮುಗಿದ ಮೇಲೆ ಮಾಡುವ ಮಾರ್ಗದರ್ಶನ ಶಿಬಿರಗಳಿಂದ ಅಷ್ಟು ಪ್ರಯೋಜನವಿಲ್ಲ. ಆ ಹೊತ್ತಿಗೆ ನನ್ನಂಥ ಮೇಷ್ಟ್ರು ಅವರ ದಾರಿ ತಿರುಗಿಸಿ ಆಗಿರುತ್ತದೆ.

ಶಿಕ್ಷಣ ಇಲಾಖೆಯವರಲ್ಲಿ ಕೇಳುವುದೇನೆಂದರೆ, ಜಾತಿ, ಆದಾಯ, ಕೃಷಿ ಕಾರ್ಮಿಕ ದೃಢೀಕರಣ ಮುಂತಾದ ಕಾಗದಗಳಿಗಾಗಿ ನಾಡಕಚೇರಿಗೆ ಮೂರು ಸಲ ಅಲೆದರೆ ಮೂರು ದಿನದ ಕೂಲಿ ಹೋಗುತ್ತದೆ. ಶಾಲೆಯಲ್ಲೇ ಒಂದು ದಿನ ಅರ್ಜಿ ಪಡೆದು ಕೊಡಿಸುವ ಏರ್ಪಾಡು ಮಾಡಿ. ಪಿಯು ಮೊದಲ ವರ್ಷದ ಮೊದಲ ಎರಡು ತಿಂಗಳು ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನದ ಪದಗಳನ್ನು ಎರಡೂ ಭಾಷೆಯಲ್ಲಿ ಕಲಿಸಲು ಹೆಚ್ಚುವರಿ ತರಗತಿ ನಡೆಸಿ. ನಿವೃತ್ತರಾದ ನಾವು ಕೆಲವರು ಅದಕ್ಕೆ ಸಂಬಳವಿಲ್ಲದೆ ಬರಲು ತಯಾರಿದ್ದೇವೆ. ವಿಜ್ಞಾನ ಪಿಯು ಹತ್ತಿರದಲ್ಲಿ ಇಲ್ಲದ ಮಕ್ಕಳಿಗಾಗಿ, ಎಸ್ಸೆಸ್ಸೆಲ್ಸಿ ನಂತರ ಕನ್ನಡ ಮಾಧ್ಯಮದಲ್ಲಿ ಎರಡು ವರ್ಷದ ಕೃಷಿ ಡಿಪ್ಲೊಮಾ ಕೊಡುವ ಪದ್ಧತಿಯನ್ನು ಮಲೆನಾಡಿನಲ್ಲಿ ಬಲಪಡಿಸುವುದು ಅಗತ್ಯ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ತಿಂಗಳಿಗಿಷ್ಟೆಂದು ಹಣ ಕೊಡುವ ವಿದ್ಯಾಸಿರಿಯಂಥ ನೆರವಿದೆ ಎಂಬುದು ಸೇರುವ ಮೊದಲೇ ತಿಳಿದರೆ ಎಷ್ಟೋ ತಂದೆತಾಯಿಯರು ಹೂಂ ಎನ್ನುತ್ತಾರೆ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಕೃಷಿ ಕಾಲೇಜುಗಳಲ್ಲಿ ಈಗ ಹುಡುಗಿಯರು ಚೆನ್ನಾಗಿ ಓದುತ್ತಿದ್ದಾರೆ, ಘಟಿಕೋತ್ಸವದ ಚಿನ್ನದ ಪದಕಗಳನ್ನು ಅವರೇ ಬಾಚುತ್ತಿದ್ದಾರೆ, ಸಂತೋಷ. ಆದರೆ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ನಮ್ಮ ಊರಿನ ಹದಿನೈದು ಹದಿನಾರರ ಹುಡುಗಿಯರು ತಾಯಿಯ ಪಕ್ಕದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ರಾತ್ರಿ ಹನ್ನೊಂದರವರೆಗೆ ಸುಲಿಯುತ್ತಾರೆ, ಕೂಲಿ ಡಬ್ಬದ ಲೆಕ್ಕ. ಬೆಳಿಗ್ಗೆ ತರಗತಿಯಲ್ಲಿ ಚೊಗರಿನಿಂದ ಕಪ್ಪಾದ ಬೆರಳುಗಳನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಳ್ಳುತ್ತಾರೆ. ರಾಶಿ ಯಾವುದು, ಬೆಟ್ಟೆ ಯಾವುದು, ಗೊರಬಲು ಯಾವುದು, ಮಂಡಿಯಲ್ಲಿ ಯಾವುದಕ್ಕೆ ಏಕೆ ದರ ಹೆಚ್ಚು ಎಂಬುದು ಅವರಿಗೆ ಗೊತ್ತು. ಇದು ಸಂಸ್ಕರಣೆ ಮತ್ತು ಮಾರುಕಟ್ಟೆಯ ಜ್ಞಾನ. ಆ ಬೆರಳನ್ನು ಮೇಜಿನ ಮೇಲೆ ಇಟ್ಟು ಕೂರುವಂತೆ ಮಾಡುವುದು ಶಿಕ್ಷಕರ ಕೈಯಲ್ಲಿದೆ.

ರಂಗೋಲಿಯ ನಕ್ಷೆಯ ಪಕ್ಕ ಕೂತಿದ್ದ ಆ ಹುಡುಗಿ ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಅವಳ ತರಗತಿಯಲ್ಲಿರುವವರು ಒಟ್ಟು ಇಪ್ಪತ್ತೆರಡು ಮಂದಿ. ಇವರನ್ನು ನವುಲೆಗೋ ಇರುವಕ್ಕಿಗೋ ಕರೆತರಲು ಯಾವ ದಿನ ಅನುಕೂಲವೆಂದು ವಿಶ್ವವಿದ್ಯಾಲಯದವರು ಈ ಪತ್ರಿಕೆಯ ಮೂಲಕ ತಿಳಿಸಿದರೂ ಸಾಕು, ವಾಹನದ ಬಾಡಿಗೆಯನ್ನು ಶಾಲೆಯ ಹಳೆಯ ಶಿಕ್ಷಕರಾದ ನಾವು ಕೊಡುತ್ತೇವೆ. ಅವಳ ಚಿಕ್ಕಪ್ಪನೂ ಜೊತೆಗೆ ಬರುತ್ತೇನೆಂದು ಹೇಳಿದ್ದಾನೆ. ಔಷಧಿ ಹೊಡೆಯುವ ದಿನವಾಗಿರದಿದ್ದರೆ ಸರಿ ಎಂಬುದೊಂದೇ ಅವನ ಷರತ್ತು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ